ಮೋಟರಿನ ನೊಗ ಹಿಡಿದವರು

ಈ ಸಮಾರಂಭದ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಷ್ಟು ಸೆಕೆಯಲ್ಲೂ ನಮ್ಮ ಪ್ರೀತಿಗಾಗಿ ಶಾಲು ಹೊದ್ದು ಬೆವರುತ್ತಿರುವ ಉಮಾಪತಿಯವರೇ, ಗಂಗಾವತಿಯ ಅಕ್ಕಿ ಗಿರಣಿಗಳ ಮಾಲೀಕರೇ, ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದಿರುವ ಪಂಪ್‌ಸೆಟ್ಟಿನ ರೈತ ಬಾಂಧವರೇ, ನನ್ನ ಹಾಗೆಯೇ ಕೈಗೆ ವಾರ್ನಿಷ್ ಮೆತ್ತಿಕೊಂಡು ಬದುಕುವ ರಿವೈಂಡಿಂಗ್ ಅಂಗಡಿಯವರೇ, ಮತ್ತು ಹಿಂದಿನ ಸಾಲಿನಲ್ಲಿ ಊಟದ ವಾಸನೆ ಹಿಡಿದು ಕೂತಿರುವ ಸಭಿಕರೇ, ಎಲ್ಲರಿಗೂ ಈ ಶೇಖರಮ್ಮನ ಶರಣು.

ನಮ್ಮ ಸಂಘದ ಕಾರ್ಯದರ್ಶಿ ಪಕೀರಪ್ಪನವರು ನಾನು ಮೆಟ್ಟಿಲು ಹತ್ತುವಾಗಲೇ ಕಿವಿಯಲ್ಲಿ ಹೇಳಿದ್ದಾರೆ: "ಅಕ್ಕಾರ, ಐದ ನಿಮಿಷ ನೋಡ್ರಿ, ಹಪ್ಪಳ ಮೆತ್ತಗಾಗ್ತಾವ." ಪಕೀರಪ್ಪನವರೇ, ನೀವು ಪ್ರಾಸ್ತಾವಿಕ ಮಾತನಾಡಿದ ಹೊತ್ತಿನಲ್ಲಿ ನಾನು ಒಂದು ಸಣ್ಣ ಮೋಟರಿನ ಕಾಯಿಲ್ ಬಿಚ್ಚಿ ಕಟ್ಟಿ ಮುಗಿಸುತ್ತಿದ್ದೆ. ಆದ್ದರಿಂದ ಸ್ವಲ್ಪ ತಡೆದುಕೊಳ್ಳಿ.

ಇಂದು ನಿವೃತ್ತರಾಗುತ್ತಿರುವ ಉಮಾಪತಿಯವರ ಬಗ್ಗೆ ಎರಡು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಇವರು ಯಾರು? ನಮ್ಮ ಸಂಘದ ಮೋಟರ್ ಪರೀಕ್ಷಾ ಕೇಂದ್ರದಲ್ಲಿ ಇಷ್ಟು ವರ್ಷ ಕೂತು, ನಾವು ಕಟ್ಟಿದ ಮೋಟರುಗಳನ್ನು ಪಾಸು, ನಾಪಾಸು ಮಾಡಿದವರು. ಈ ಸಭೆಯಲ್ಲಿರುವ ಅಂಗಡಿಯವರಲ್ಲಿ ಇವರನ್ನು ಒಮ್ಮೆಯಾದರೂ ಬೈಯದವರು ಯಾರಾದರೂ ಇದ್ದರೆ ಕೈ ಎತ್ತಿ. ನೋಡಿದಿರಾ, ಒಂದು ಕೈಯೂ ಇಲ್ಲ. ಬೈಸಿಕೊಂಡವರಿಗೇ ಇವತ್ತು ಶಾಲು ಹೊದಿಸಿದ್ದೇವೆ. ಇದು ನಮ್ಮ ಗಂಗಾವತಿಯ ದೊಡ್ಡಗುಣ.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕಾಲುವೆ ನೀರು ಬಂದು, ಗಿರಣಿಗಳು ಎದ್ದು, ಎಪ್ಪತ್ತರ ದಶಕದಲ್ಲಿ ಒಣ ಭೂಮಿಯ ಬಾವಿಗಳಿಗೂ ಕರೆಂಟು ಬಂದು, ಎಲ್ಲಿ ನೋಡಿದರೂ ಮೋಟರು. ಎಲ್ಲಿ ನೋಡಿದರೂ ಸುಟ್ಟ ಮೋಟರು. ಸುಟ್ಟದ್ದಕ್ಕೆ ಹೊಸ ತಂತಿ ಸುತ್ತಿ ಕಟ್ಟಿ ಕೊಟ್ಟರೆ, ತಿರುಗಿತು ಅಂದರೆ ಮುಗಿಯಿತು, ತೆಂಗಿನಕಾಯಿ ಒಡೆದು ಮನೆಗೆ ಒಯ್ಯುತ್ತಿದ್ದರು. "ತಿರುಗೋದೆಲ್ಲಾ ಮೋಟರ್ ಅಲ್ಲರಿ. ತಿರುಗೋದು ಬೀಸುಕಲ್ಲೂ ತಿರುಗತೈತಿ" ಎಂದು ಮೊದಲು ಹೇಳಿದವರು ಇವರು. ಹೇಳಿ ಸುಮ್ಮನಿರಲಿಲ್ಲ, ಮೂರು ಪರೀಕ್ಷೆ ಇಟ್ಟರು.

ಮೊದಲನೆಯದು, ಮೋಟರಿನೊಳಗೆ ಮೂರು ಫೇಸಿಗೆ ಬೇರೆ ಬೇರೆಯಾಗಿ ತಂತಿ ಸುತ್ತಿರುತ್ತದಲ್ಲ, ಬ್ಯಾಟರಿ ಹಚ್ಚಿ ಕರೆಂಟಿಗೆ ಮೂರೂ ಒಡ್ಡುವ ತಡೆ ಸಮ ಇದೆಯೇ ಎಂದು ನೋಡುವುದು. ಎರಡನೆಯದು, ಬೆಲ್ಟು ಹಾಕದೆ ಬರಿದೇ ಓಡಿಸಿ, ಕೆಲಸವಿಲ್ಲದಾಗ ಅದು ಎಷ್ಟು ಕರೆಂಟು ತಿನ್ನುತ್ತದೆ ಎಂದು ನೋಡುವುದು. ಈ ಪರೀಕ್ಷೆಯನ್ನು ಕೆಲವು ಮನೆಗಳ ಅಳಿಯಂದಿರಿಗೂ ಮಾಡಬೇಕು ಎಂದು ನಾನು ಅನೇಕ ಸಲ ಹೇಳಿದ್ದೇನೆ, ಉಮಾಪತಿಯವರು ಒಪ್ಪಿಲ್ಲ. ಮೂರನೆಯದೇ ವಿಚಿತ್ರ. ಮೋಟರು ತಿರುಗದ ಹಾಗೆ ಅದರ ಚಕ್ರವನ್ನು ಗಟ್ಟಿಯಾಗಿ ಹಿಡಿದು, ಕರೆಂಟನ್ನು ಸೊನ್ನೆಯಿಂದ ಸ್ವಲ್ಪ ಸ್ವಲ್ಪವೇ ಏರಿಸಿ, ಮೂರೂ ಫೇಸಿನ ಮೀಟರಿನ ಮುಳ್ಳುಗಳು ಒಂದೇ ಕಡೆ ನಿಲ್ಲುತ್ತವೆಯೇ ಎಂದು ನೋಡುವುದು. ಓಡುವವನ ಗುಣ ಓಡುವಾಗ ತಿಳಿಯುವುದಿಲ್ಲ, ತಡೆದಾಗ ತಿಳಿಯುತ್ತದೆ ಎನ್ನುತ್ತಿದ್ದರು.

ಹಿಡಿಯುವುದಕ್ಕೆ ದೊಡ್ಡ ಊರುಗಳಲ್ಲಿ ಕಬ್ಬಿಣದ ಸಲಕರಣೆ ಇರುತ್ತದಂತೆ. ನಮ್ಮ ಕೇಂದ್ರದಲ್ಲಿ ಇದ್ದದ್ದು ಒಂದು ಹಳೆಯ ಚಕ್ಕಡಿಯ ನೊಗ. ಅದನ್ನು ಮೋಟರಿನ ಚಕ್ರಕ್ಕೆ ಬೋಲ್ಟು ಹಾಕಿ ಬಿಗಿದು, ಒಬ್ಬರು ನೊಗದ ತುದಿ ಹಿಡಿದು ನಿಲ್ಲಬೇಕು. ಯಾರು ಹಿಡಿಯಬೇಕು? ಇಲ್ಲಿ ಉಮಾಪತಿಯವರದೊಂದು ಕಟ್ಟಳೆ ಇತ್ತು. ಕಟ್ಟಿದವರು ಮೀಟರು ನೋಡಬೇಕು, ಕಟ್ಟಿದವರ ಮನೆಯವರು ನೊಗ ಹಿಡಿಯಬೇಕು. ಕೇಂದ್ರದ ಆಳು ಹಿಡಿದರೆ, ಬೇಕೆಂದೇ ಸಡಿಲ ಬಿಟ್ಟು ನಾಪಾಸು ಮಾಡಿಸಿದ ಎಂದು ನಾಳೆ ಜಗಳ ಬರುತ್ತದಲ್ಲ? ಮನೆಯವರೇ ಹಿಡಿದರೆ ಆ ಮಾತೇ ಇಲ್ಲ. ಈ ಕಟ್ಟಳೆ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಮಂದಿಯ ಸ್ವಭಾವ ನೋಡಿ ಮಾಡಿದ್ದು.

ಈಗ ನನ್ನ ಸಂಗತಿ. ನನ್ನ ಸಂಗತಿ ಹೇಳುವುದಕ್ಕಲ್ಲ ನಾನು ಬಂದದ್ದು, ಆದರೂ ಅದಿಲ್ಲದೆ ಇವರ ಸಂಗತಿ ಮುಂದೆ ಹೋಗುವುದಿಲ್ಲ.

ನಮ್ಮ ಮನೆಯವರು ಕುಕನೂರಿನಿಂದ ಗಂಗಾವತಿಗೆ ಬಂದು ರಿವೈಂಡಿಂಗ್ ಅಂಗಡಿ ಹಾಕಿದವರು, ಉಮಾಪತಿಯವರ ಗೆಳೆಯರು. ಅವರ ಹೆಸರು ನಾನು ಹೇಳುವುದಿಲ್ಲ. ಹಳೆಯ ಗಿರಾಕಿಗಳಿಗೆಲ್ಲ ಗೊತ್ತಿದೆ. ಅವರ ಜೊತೆ ಕೂತು ಕಾಯಿಲ್ ಅಡಿಗೆ ಹಾಕುವ ಕಾಗದ ಕತ್ತರಿಸುತ್ತಾ, ಕಾಯಿಲ್ ಸುತ್ತುತ್ತಾ ನಾನೂ ಕೆಲಸ ಕಲಿತೆ. ನಮಗೆ ಮಕ್ಕಳಿರಲಿಲ್ಲ, ಹಾಗಾಗಿ ಹೊತ್ತೆಲ್ಲ ಅಂಗಡಿಗೇ ಹೋಗುತ್ತಿತ್ತು. ಜಗಳವೂ ಅಲ್ಲಿಯೇ, ನಗುವೂ ಅಲ್ಲಿಯೇ. ಎಪ್ಪತ್ತೇಳರಲ್ಲಿ ಕಾಲುವೆ ಪಕ್ಕದ ಒಂದು ಗದ್ದೆಯಲ್ಲಿ ಮೋಟರು ನೋಡಲು ಹೋದರು. ಮೇನ್ ಸ್ವಿಚ್ಚು ತೆಗೆದಿದೆ ಎಂದು ಯಾರೋ ಹೇಳಿದರು. ತೆಗೆದಿರಲಿಲ್ಲ. ಕಾಲಡಿ ನೀರಿತ್ತು. ಅಷ್ಟೇ.

ನಮ್ಮ ಮಾವನವರು ಕೊಟ್ರಪ್ಪನವರು. ಕುಕನೂರು ಸಂತೆಯಲ್ಲಿ ಜೋಳದ ವ್ಯಾಪಾರ, ಒಂದಿಷ್ಟು ಎರೆ ಹೊಲ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಮಗನ ದಿನಗಳೆಲ್ಲ ಮುಗಿದ ಮೇಲೆ ಬಂದು ಅಂಗಡಿಯ ಹೊರಗೆ ನಿಂತರು. ಒಳಗೆ ಕಾಲಿಡಲಿಲ್ಲ. "ಶೇಖರವ್ವ, ಸಾಕವಾ. ಬಾಗಲಾ ಹಾಕು, ಊರಿಗೆ ಹೋಗೂಣು. ನನ್ನ ಮಗನ್ನ ತಿಂದ ಕೆಲಸ ಇದು. ನಿನ್ನೂ ತಿನ್ನಾಕ ನಾ ಕೊಡಂಗಿಲ್ಲ" ಎಂದರು.

ತಪ್ಪು ಮಾತೇ? ಅಲ್ಲ. ಕೆಟ್ಟ ಮಾತೇ? ಅದೂ ಅಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಹೋದ ಸೊಸೆಯನ್ನು ಬಾ ಎನ್ನುವವರೇ ಇರುವುದಿಲ್ಲ. ಆದರೆ ನಾನು ಕುಕನೂರಿಗೆ ಹೋಗಿ ಏನು ಮಾಡಲಿ? ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಾ, ಬಂದವರೆಲ್ಲ ಅಯ್ಯೋ ಎಂದು ಹೋಗುವುದನ್ನು ಕೇಳುತ್ತಾ ಇರಲೇ? ನಮ್ಮ ಮನೆಯವರು ನನಗೆ ಬಿಟ್ಟುಹೋದದ್ದು ಕೈಯಲ್ಲಿನ ಈ ಕೆಲಸ ಒಂದೇ. ಇದನ್ನೂ ಬಿಟ್ಟರೆ ಅವರನ್ನು ಪೂರ್ತಿ ಬಿಟ್ಟಂತೆ ಎಂದು ನನಗೆ ಅನಿಸುತ್ತಿತ್ತು. ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಇವತ್ತು ಮೈಕಿನ ಮುಂದೆ ಹೇಳಿಬಿಟ್ಟೆ, ಇರಲಿ.

ಆಗ ಗಿರಣಿಯವರು, ಪರೀಕ್ಷಾ ಕೇಂದ್ರದ ಫಲಕದಲ್ಲಿ ಹೆಸರಿದ್ದ ಅಂಗಡಿಗಳಿಗೆ ಮಾತ್ರ ಮೋಟರು ಕೊಡುತ್ತಿದ್ದರು. ನಮ್ಮವರ ಹೆಸರನ್ನು ಅಳಿಸಿದ್ದರು. ನನ್ನ ಹೆಸರು ಏರಬೇಕಾದರೆ, ನಾನೇ ಕಟ್ಟಿದ ಮೋಟರೊಂದು ಮೂರೂ ಪರೀಕ್ಷೆಯಲ್ಲಿ ಪಾಸಾಗಬೇಕು. ನಾನು ಹತ್ತು ಎಚ್‌ಪಿಯ ಮೋಟರೊಂದನ್ನು ಕಟ್ಟಲು ಹಿಡಿದೆ. ಜೊತೆಗೆ ನಮ್ಮ ಓಣಿಯ ಗಾಳೆಮ್ಮ. ಗದ್ದೆ ಕೂಲಿ ಬಿಟ್ಟು ನನ್ನ ಹತ್ತಿರ ಬಂದು, ನಮ್ಮ ಮನೆಯಲ್ಲೇ ಉಂಡು ಮಲಗಿ ನಮ್ಮ ಮನೆಯವಳೇ ಆಗಿಹೋದವಳು. ಎರಡು ಫೇಸಿನ ಕಾಯಿಲ್ ನಾನು ಸುತ್ತಿದೆ, ಮೂರನೆಯ ಫೇಸಿನದನ್ನು ಅವಳು ಸುತ್ತಿದಳು.

ಪರೀಕ್ಷೆಯ ದಿನ ಗಾಳೆಮ್ಮ ನೊಗ ಹಿಡಿದಳು, ನಾನು ಮೀಟರು ನೋಡಿದೆ. ಮೊದಲ ಪರೀಕ್ಷೆಯಲ್ಲೇ ಒಂದು ಫೇಸಿನ ತಡೆ ಹೆಚ್ಚು ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಒಂದ ಸಾಕ್ಷಿ ಮ್ಯಾಲೆ ಶಿಕ್ಷಾ ಕೊಡಂಗಿಲ್ಲ" ಎಂದು ಉಮಾಪತಿಯವರು ಮೂರನ್ನೂ ಮಾಡಿದರು. ಬರಿದೇ ಓಡಿಸಿದಾಗ ಮೋಟರು ಗೊಣಗುಟ್ಟಿತು, ಮೂರು ಮುಳ್ಳುಗಳೂ ಒಂದಕ್ಕೊಂದು ಹೊಂದಲಿಲ್ಲ. ಹಿಡಿದು ನೋಡಿದಾಗಲೂ ಅದೇ ಹಾಡು. ನಾಪಾಸು.

ನಾನು ಮೋಟರು ಹೊರಿಸಿಕೊಂಡು ಮನೆಗೆ ಬಂದಿದ್ದೆ. ಆದರೆ ಪೇಟೆಯಲ್ಲಿ ಬೇರೆ ಸುದ್ದಿ ಇತ್ತು. ಪರೀಕ್ಷೆಗೆ ಮುಂಚೆ ನಮ್ಮ ಮಾವನವರು ಕೇಂದ್ರಕ್ಕೆ ಬಂದು ಉಮಾಪತಿಯವರ ಮುಂದೆ ಕೈ ಮುಗಿದು ನಿಂತದ್ದನ್ನು ನಾಲ್ಕು ಜನ ನೋಡಿದ್ದರು. ಸೊಸೆಯ ಮೋಟರನ್ನು ನಾಪಾಸು ಮಾಡಿಸಿದ್ದೇ ಮಾವ ಎಂದು ಎಲ್ಲರೂ ಆಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಸೆರಗು ಸಿಕ್ಕಿಸಿಕೊಂಡು ಕೇಂದ್ರಕ್ಕೆ ಹೋದವಳೇ, ಗಿರಣಿ ಮಾಲೀಕರೆಲ್ಲ ಕೂತಿದ್ದಾರೆ ಎಂಬುದನ್ನೂ ನೋಡದೆ ಬಾಯಿಗೆ ಬಂದದ್ದು ಅಂದೆ. "ಗಂಡ ಇಲ್ಲದಾಕಿ ಅಂತ ಹಿಂಗ ಮಾಡಿದ್ರೇನ್ರಿ ಸಾಹೇಬ್ರ? ನಿಮ್ಮ ಗೆಣ್ಯಾ ಅಲ್ಲೇನ್ರಿ ನಮ್ಮ ಮನಿಯವ್ರು? ಅವ್ರ ಮುಖಾ ನೋಡಿಯಾದ್ರೂ ಪಾಸ್ ಮಾಡಬಾರದಾಗಿತ್ತಾ?"

ಉಮಾಪತಿಯವರು ಎದ್ದು ನಿಂತರು. ಕುರ್ಚಿ ಕೊಟ್ಟರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. "ನಿಮ್ಮ ಮಾವನವ್ರು ಬಂದಿದ್ದು ಖರೆ ಐತಿ ಅಕ್ಕಾರ. ನಾಪಾಸ್ ಮಾಡ್ರಿ ಅಂತ ಅತ್ರು. ನೀವು ಬಂದು ಪಾಸ್ ಮಾಡ್ರಿ ಅಂತೀರಿ. ಇಬ್ರಿಗೂ ನಾ ಒಂದ ಮಾತು ಹೇಳ್ತೀನಿ. ಮೋಟರ್ ಏನ್ ಅಂತೈತಿ ಅಂತ ಕೇಳೋ ಮಂದೀನ ಇಲ್ಲಲ್ರಿ ಇಲ್ಲಿ." ಇಷ್ಟು ಹೇಳಿ ದನಿ ಇಳಿಸಿದರು. "ನನ್ನ ಗೆಣ್ಯಾನ ಮುಖಾ ನೋಡಿ ನಾ ಪಾಸ್ ಮಾಡಿದ್ರ, ಆ ಮೋಟರು ನಾಕ ತಿಂಗಳಿಗೆ ಸುಡತಿತ್ತು. ಆಮ್ಯಾಲ ನಿಮ್ಮ ಕಡೆ ಯಾರೂ ಮೋಟರ್ ತರ್ತಿದ್ದಿಲ್ಲ. ಪಾಪ ಅಂತಿದ್ರು. ಪಾಪ ಅನ್ನಿಸಿಕೊಂಡು ಅಂಗಡಿ ನಡಿಯಂಗಿಲ್ಲರಿ."

ನಾನು ಅಳುತ್ತಾ ಮನೆಗೆ ಬಂದೆ. ಗಾಳೆಮ್ಮ ಮತ್ತು ನಾನು ಮೋಟರು ಬಿಚ್ಚಿ ಕೂತೆವು. ತಪ್ಪು ಎಲ್ಲಿ? ತಂತಿ ಒಂದೇ, ಅಚ್ಚು ಒಂದೇ, ಸುತ್ತುಗಳ ಲೆಕ್ಕವೂ ಒಂದೇ. ಹತ್ತು ಸುತ್ತಾದರೆ ಒಂದು ಹುಣಸೆ ಬೀಜ ಪಕ್ಕಕ್ಕಿಟ್ಟು, ಮತ್ತೆ ಮೊದಲಿನಿಂದ ಎಣಿಸುವುದು ನಮ್ಮ ಪದ್ಧತಿ. ಬೀಜಗಳೂ ಸರಿಯಾಗಿಯೇ ಇದ್ದವು. ಕೊನೆಗೆ, ಬಾ ಗಾಳೆಮ್ಮ, ಇಬ್ಬರೂ ಜೋಡಿಯಾಗಿ ಎಣಿಸೋಣ ಎಂದು ಸುತ್ತಲು ಶುರು ಮಾಡಿದೆವು.

ಸಭಿಕರೇ, ಕಣದಲ್ಲಿ ಕಾಳಿನ ರಾಶಿ ಅಳೆದವರಿಗೆ ಇದನ್ನು ಹೇಳಬೇಕಿಲ್ಲ. ನಾವು ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಕುಕನೂರಿನ ನಮ್ಮ ಮನೆಯಲ್ಲಿ ಲಾಭ ಅಂದರೆ ಒಂದರ ಜಾಗ, ಅದಾದ ಮೇಲೆ ಎರಡು. ತಂತಿ ಸುತ್ತುವಾಗಲೂ ಬಾಯಿಗೆ ಅದೇ ರೂಢಿ. ಅವತ್ತು ಇಬ್ಬರೂ ಒಟ್ಟಿಗೆ "ಲಾಭ" ಎಂದೆವು. ಮರು ಸುತ್ತಿಗೆ ನಾನು "ಎರಡು" ಎಂದೆ. ಗಾಳೆಮ್ಮ "ಒಂದು" ಎಂದಳು.

ಕೈ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಅಲ್ಲ ಗಾಳೆಮ್ಮ, ಲಾಭ ಅಂದ್ಮ್ಯಾಲ ಎರಡಲ್ಲೇನ?" ಎಂದು ಕೇಳಿದರೆ, ಅವಳಿಗೇ ನನ್ನ ಮೇಲೆ ಸಿಟ್ಟು. "ಎಲ್ಲಿ ಎರಡರಿ ಅಕ್ಕಾರ? ನಮಗ ಕೂಲಿ ಭತ್ತಾ ಅಳಿಯೋ ಗೌಡ್ರು ಲಾಭ ಅಂತ ಒಂದು ಸೇರು ಮ್ಯಾಲೆ ಹಾಕಿ, ಆಮ್ಯಾಲ ಒಂದು ಅಂತಿದ್ರು. ಲಾಭ ಲೆಕ್ಕಕ್ಕ ಬರತೈತೇನ್ರಿ? ಲೆಕ್ಕಕ್ಕ ಬಂದ್ರ ಅದ್ಯಾಂಗ ಲಾಭ ಆದೀತು?" ನ್ಯಾಯವಾದ ಮಾತು. ಕೊಡುವ ಮನೆಯ ಲಾಭ ಬೇರೆ, ಪಡೆಯುವ ಮನೆಯ ಲಾಭ ಬೇರೆ. ಅವಳು ಪ್ರತಿ ಹತ್ತಕ್ಕೂ ಧರ್ಮಕ್ಕೆಂದು ಒಂದು ಸುತ್ತು ಹೆಚ್ಚು ಹಾಕುತ್ತಾ, ಒಂದು ಇಡೀ ಫೇಸನ್ನು ತುಂಬಿಸಿದ್ದಳು. ಗಂಡ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಉಮಾಪತಿಯವರಿಗೆ ಹೋಗಿ ಹೇಳಿದರೆ ಅವರು ನಗಲಿಲ್ಲ, ಗಂಭೀರವಾಗಿ, "ಮೋಟರಿಗೆ ಲಾಭ ಕೊಡಬ್ಯಾಡ್ರಿ, ಅದಕ್ಕ ತಿಳಿಯಂಗಿಲ್ಲ" ಎಂದರು.

ಅಷ್ಟರಲ್ಲಿ ಮಾವನವರು ಗಂಟು ಮೂಟೆ ಕಟ್ಟಿಸಲು ಮತ್ತೆ ಬಂದರು. ನಾನು ತಲೆ ಮೇಲೆ ಸೆರಗೆಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು ಹೇಳಿದೆ: "ಇನ್ನೊಂದ ಸಲ ಪರೀಕ್ಷಾ ಆಗಲಿ ಮಾವಾರ. ಈ ಸಲಾನೂ ನಾಪಾಸ್ ಆದ್ರ, ನೀವು ಕರದಲ್ಲಿಗೆ ಬರ್ತೀನಿ, ಮತ್ತ ಮಾತಾಡಂಗಿಲ್ಲ." ಅವರು, "ಆತು, ಆ ದಿನಾ ನಾನೂ ಬರ್ತೀನಿ. ಅಲ್ಲಿಂದ ಸೀದಾ ಬಸ್ಸಿಗೆ" ಎಂದರು. ಪಾಸಾಗುತ್ತದೆ ಎಂಬ ಗುಮಾನಿಯೂ ಅವರಿಗಿರಲಿಲ್ಲ.

ಆ ದಿನ ಬಂತು. ಗಾಳೆಮ್ಮನಿಗೆ ಹಿಂದಿನ ದಿನದಿಂದ ಚಳಿಜ್ವರ. ಎದ್ದು ಬರುತ್ತೇನೆ ಎಂದು ಹಟ ಮಾಡಿದಳು, ನಾನೇ ಬಿಡಲಿಲ್ಲ. ಓಣಿಯ ಯಾರನ್ನಾದರೂ ಕರೆದರಾಯಿತು ಎಂದುಕೊಂಡು ಮೋಟರನ್ನು ಚಕ್ಕಡಿಗೆ ಹಾಕಿಸಿ ಹೊರಟೆ. ಮಾವನವರು ಹಿಂದೆ ನಡೆದು ಬಂದರು. ಮೊದಲ ಪರೀಕ್ಷೆ, ಮೂರೂ ಸಮ. ಎರಡನೆಯದು, ಮೋಟರು ಸಣ್ಣಗೆ ಗುಂಯ್ ಎಂದು ಓಡಿತು, ಮುಳ್ಳುಗಳೂ ಸಮ. ಮೂರನೆಯದಕ್ಕೆ ನೊಗ ಬಿಗಿದು ಉಮಾಪತಿಯವರು ಕೇಳಿದರು: "ಮನಿಯವ್ರು ಯಾರು ಹಿಡೀತೀರಿ?"

ಓಣಿಯವರನ್ನು ಕರೆಸುತ್ತೇನೆ ಎಂದೆ. "ಓಣಿಯವ್ರು ಮನಿಯವ್ರಲ್ಲರಿ" ಎಂದರು. ಇವರ ಕಟ್ಟಳೆ ನಿಮಗೆ ಗೊತ್ತಲ್ಲ, ಗೋಡೆಗಾದರೂ ಕಿವಿ ಇದ್ದೀತು, ಅದಕ್ಕಿಲ್ಲ. ಹಾಗಾದರೆ ಇನ್ನೊಂದು ದಿನ ಎಂದು ನಾನು ಹೇಳಬೇಕು, ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಮಾವನವರು, "ನಾ ಅದೀನಲ್ಲ. ನಾ ಮನಿಯವನಲ್ಲೇನ?" ಎಂದರು.

ನಾನು ತಿರುಗಿ ನೋಡಿದೆ. ನಾಪಾಸು ಮಾಡಿ ಎಂದು ಕೈ ಮುಗಿದ ಮನುಷ್ಯ. ಮಗ ಹೋದಾಗಿನಿಂದ ಮನೆಯ ದೀಪದ ಗುಂಡಿಯನ್ನೂ ಮುಟ್ಟದೆ, ಬೇರೆಯವರ ಕೈಲಿ ಹಾಕಿಸುತ್ತಿದ್ದ ಮನುಷ್ಯ. ಅವರು ಕರೆಂಟು ಇರುವ ಮೋಟರಿನ ನೊಗ ಹಿಡಿಯುವುದೇ? ಉಮಾಪತಿಯವರೂ ಒಂದು ಕ್ಷಣ ಅನುಮಾನಿಸಿದರು. ಕಟ್ಟಳೆ ಅವರದೇ, ಬೇಡ ಎನ್ನಲು ಬಾಯಿಲ್ಲ. ಒಣ ಹಲಗೆಯ ಮೇಲೆ ನಿಲ್ಲಿಸಿದರು. "ಹಿರ್ಯಾರ, ಮೋಟರಿಗೆ ಅರ್ಥಿಂಗ್ ಐತಿ, ಹೆದರಬ್ಯಾಡ್ರಿ. ಭಾಳ ಜೋರ ಇರಂಗಿಲ್ಲ, ಕರ ಹಗ್ಗಾ ಜಗ್ಗಿದಂಗ ಜಗ್ಗತೈತಿ. ನಾ ಹೇಳೋತನಕ ಬಿಡಬ್ಯಾಡ್ರಿ, ಬಿಟ್ರ ಎಲ್ಲಾ ಕೆಡತೈತಿ" ಎಂದರು.

ಬಿಟ್ಟರೆ ಎಲ್ಲ ಕೆಡುತ್ತದೆ. ಈ ಮಾತನ್ನು ಯಾರಿಗೆ ಹೇಳಬಾರದೋ ಅವರಿಗೇ ಹೇಳಿದರು. ಅದು ಶಕ್ತಿಯ ಕೆಲಸವಲ್ಲ ಸಭಿಕರೇ. ಯಾರು ಬೇಕಾದರೂ ಹಿಡಿಯಬಹುದು. ಯಾರು ಬೇಕಾದರೂ ಬಿಡಬಹುದು. ವಯಸ್ಸಾದವರು, ಕೈ ಜಾರಿತು ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸೊಸೆ ಅವತ್ತೇ ಕುಕನೂರಿನ ಬಸ್ಸು ಹತ್ತುತ್ತಿದ್ದಳು.

ಉಮಾಪತಿಯವರು ಕರೆಂಟು ಏರಿಸುವ ಹಿಡಿಕೆ ತಿರುಗಿಸತೊಡಗಿದರು. ಮೋಟರು ಕೆಳದನಿಯಲ್ಲಿ ಗುಡುಗಿತು. ನಾನು ಮೀಟರನ್ನೇ ನೋಡಬೇಕು, ಅತ್ತ ತಿರುಗುವಂತಿಲ್ಲ. ಆದರೆ ನೊಗ ಕಟಕಟ ಎನ್ನುವುದು ಕೇಳುತ್ತಿತ್ತು, ಮಾವನವರ ಉಸಿರು ಕೇಳುತ್ತಿತ್ತು. ಹೆದರಿದ ಮನುಷ್ಯನ ಉಸಿರು ಅದು. ಮುಳ್ಳುಗಳು ಏರಿದವು. ಏರಿ ಏರಿ, ಮೂರೂ ಒಂದೇ ಕಡೆ ಬಂದು ನಿಂತವು. ಉಮಾಪತಿಯವರು ಒಂದೊಂದನ್ನೂ ಜೋರಾಗಿ ಓದಿದರು, ನಾನು ಹೂಂ ಎಂದೆ. "ಆತು ಹಿರ್ಯಾರ, ಬಿಡ್ರಿ" ಎಂದರು.

ಮಾವನವರು ಬಿಡಲಿಲ್ಲ. "ಸರಿಯಾಗಿ ನೋಡಿದಿರಿಲ್ಲೋ? ಇನ್ನೊಮ್ಮೆ ನೋಡ್ರಿ. ನಾ ಹಿಡಕೊಂಡೀನಿ" ಎಂದರು.

ಇನ್ನೊಮ್ಮೆ ನೋಡಿದೆವು. ಮುಳ್ಳುಗಳು ಅಲ್ಲಿಯೇ ಇದ್ದವು. ಕರೆಂಟು ತೆಗೆದ ಮೇಲೂ ಅವರ ಬೆರಳು ಬಿಚ್ಚಲು ಸ್ವಲ್ಪ ಹೊತ್ತು ಬೇಕಾಯಿತು. ಬಿಡಿಸಿಕೊಂಡ ಕೈಯನ್ನು ಮೋಟರಿನ ಮೈಮೇಲೆ ಇಟ್ಟರು. ಅದು ಬೆಚ್ಚಗಿತ್ತು. ನನ್ನ ಕಡೆ ನೋಡದೆಯೇ ಕೇಳಿದರು: "ನನ್ನ ಮಗಾ ದಿನಾ ಹಿಂಗ ಮುಟ್ಟಿ ನೋಡ್ತಿದ್ದನೇನವಾ?" ಹೂಂರಿ ಮಾವಾರ ಎಂದೆ.

ಬಸ್ ನಿಲ್ದಾಣದವರೆಗೆ ಹೋಗಿ ಅವರನ್ನು ಕೂರಿಸಿ ಬಂದೆ. ಅಲ್ಲಿ ಧೈರ್ಯ ಮಾಡಿ ಕೇಳಿದೆ, ಬಿಡಬಹುದಾಗಿತ್ತಲ್ಲ, ಯಾಕೆ ಬಿಡಲಿಲ್ಲ ಎಂದು. "ನಾ ತಕ್ಕಡಿ ಹಿಡಿದವ ಅದೀನವಾ. ಮನಿಯಾಗ ಬ್ಯಾಡ ಅಂತ ಜಗಳಾ ಮಾಡ್ತೀನಿ. ತಕ್ಕಡಿ ಮುಂದ ಮಾಡಂಗಿಲ್ಲ" ಎಂದರು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಾಲಿಗೆ ರಬ್ಬರ ಚಪ್ಪಲಿ ಹಾಕ್ಕೊಂಡ ಕೆಲಸಾ ಮಾಡು" ಎಂದು ಕೂಗಿದರು. ಬಸ್ ನಿಲ್ದಾಣವೆಲ್ಲ ತಿರುಗಿ ನೋಡಿತು.

ಉಮಾಪತಿಯವರೇ, ನಾನು ನಿಮ್ಮನ್ನು ಹೊಗಳಲು ಬಂದವಳು. ನಾಪಾಸಿಗೂ ಪಾಸಿಗೂ ನಿಮಗೆ ಋಣಿ. ಅವತ್ತಿನಿಂದ ಯಾರೂ ನನ್ನ ಅಂಗಡಿಗೆ ಪಾಪ ಎಂದು ಮೋಟರು ತಂದಿಲ್ಲ, ಸುಟ್ಟಿದೆ ಎಂದೇ ತಂದಿದ್ದಾರೆ. ಅದು ನೀವು ಕೊಟ್ಟದ್ದು. ಜ್ವರ ಬಿಟ್ಟೆದ್ದು ಇವತ್ತಿಗೂ ನನ್ನ ಜೊತೆ ಇರುವ ಗಾಳೆಮ್ಮನಿಗೂ ಋಣಿ, ಈಗ ಅವಳು ಒಂದರಿಂದಲೇ ಎಣಿಸುತ್ತಾಳೆ. ಆದರೆ ಇಷ್ಟೆಲ್ಲ ಮಾತಾಡುತ್ತಾ ನನಗೆ ತಿಳಿಯಿತು, ಒಬ್ಬರಿಗೆ ಮಾತ್ರ ನಾನು ಋಣಿ ಎಂಬ ಮಾತನ್ನು ಎಂದೂ ಹೇಳಿಲ್ಲ. ನಮ್ಮ ಮನೆಗಳಲ್ಲಿ ಸೊಸೆಯರು ಮಾವನಿಗೆ ಹೀಗೆಲ್ಲ ಹೇಳುವ ರೂಢಿ ಇಲ್ಲ. ಅವರು ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದಾರೆ, ಹಳದಿ ರುಮಾಲು. ಉಮಾಪತಿ ಸಾಹೇಬರ ಸನ್ಮಾನ ಎಂದು ಕುಕನೂರಿನಿಂದ ತಾವೇ ಬಂದಿದ್ದಾರೆ. ಈಗ ಅವರಿಗೆ ಕಿವಿ ಪೂರ್ತಿ ಮಂದವಾಗಿದೆ. ನಾನು ಇಷ್ಟು ಹೊತ್ತು ಆಡಿದ್ದರಲ್ಲಿ ಒಂದಕ್ಷರವೂ ಕೇಳಿಸಿಲ್ಲ, ನೀವು ಚಪ್ಪಾಳೆ ತಟ್ಟಿದಾಗ ತಾವೂ ತಟ್ಟಿದ್ದಾರೆ. ಇನ್ನೂ ಸೊಸೆ ಸುಮ್ಮನಾಗಲಿಲ್ಲವಲ್ಲ ಎಂದು ನೋಡುತ್ತಿದ್ದಾರೆ.

ಪಕೀರಪ್ಪನವರೇ, ನಿಮ್ಮ ಹಪ್ಪಳದ ಕ್ಷಮೆ ಕೇಳಿ ಮುಗಿಸುತ್ತೇನೆ. ಕೇಳಿಸಿಕೊಂಡ ತಮ್ಮೆಲ್ಲರಿಗೂ ಧನ್ಯವಾದ. ದಯವಿಟ್ಟು ಯಾರೂ ಅವರಿಗೆ ಈಗಲೇ ಹೇಳಿಬಿಡಬೇಡಿ. ನಾನೇ ಕೆಳಗಿಳಿದು, ಅವರ ಕಿವಿಗೆ ಬಾಯಿಟ್ಟು, ಗಟ್ಟಿಯಾಗಿ ಹೇಳುವವಳಿದ್ದೇನೆ. ನಮಸ್ಕಾರ.